ಫ್ರಿಜ್ಜಿನೊಳಗೊಂದು ಹಂಚಿನ ಮನೆ

ಠಾಕುರ್ಲಿ,
೧೦ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ದಿನವೂ ಎಣ್ಣೆ ತಿಕ್ಕುತ್ತಿದ್ದೇನೆ ಎಂದು ಜ್ಯೋತ್ಸ್ನಾ ಅಕ್ಕ ಹೇಳಿದಳು. ಅವಳು ತಿಕ್ಕುವುದಕ್ಕಿಂತ ಹೆಚ್ಚು ಮಾತಾಡುತ್ತಾಳೆ ಎಂಬುದು ನನಗೂ ಗೊತ್ತು. ಮೂಲ್ಕಿಯಲ್ಲಿ ಒಳ್ಳೆಯ ಮೀನು ಸಿಕ್ಕಿದರೆ ಧಾರಾಳವಾಗಿ ತಿನ್ನು, ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಮರೆಯಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಈ ಕಾಲದಲ್ಲಿ ಕಾಗದ ಯಾಕೆ, ಫೋನು ಮಾಡಬಾರದೇ ಎಂದು ಕೇಳಬೇಡ. ನಿನ್ನ ಮೊಮ್ಮಗಳು ನಿಶ್ಮಿತಾಳ ಹೆಸರು ತೆಗೆದ ಕೂಡಲೇ "ನನಗೆ ಕೇಳುವುದಿಲ್ಲ" ಎಂದು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತೀ. ಪಕ್ಕದ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂದು ಲೆಕ್ಕ ಹೇಳುವ ಕಿವಿ ನಿನ್ನದು, ಯಾರಿಗೆ ಹೇಳುತ್ತೀ ಇದನ್ನು? ಕಾಗದವಾದರೆ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದುತ್ತೀ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನೀನು ಯಾರನ್ನೂ ಕೊಂದಿಲ್ಲ ಅಮ್ಮಾ. ಅವು ಬದುಕಿವೆ. ಅವು ಬದುಕಿವೆ ಎಂದು ನಮಗೆ ಗೊತ್ತಾದದ್ದೂ ನಿನ್ನಿಂದಲೇ.

ಆವತ್ತಿನ ಗಲಾಟೆಯಲ್ಲಿ ನೀನು ಅರ್ಧ ಕೇಳಿ, ಅರ್ಧ ಊಹಿಸಿ, ಚೀಲ ಕಟ್ಟಿಕೊಂಡು ಹೊರಟುಬಿಟ್ಟೆ. ಈಗ ಪೂರ್ತಿ ಕೇಳು. ನಿಶ್ಮಿತಾಳ ಲ್ಯಾಬಿನಲ್ಲಿದ್ದ ಆ ಜೀವಿಗಳು ದಕ್ಷಿಣ ಧ್ರುವದ ಸಮುದ್ರದ ತಳದ ಕೆಸರಿನಿಂದ ಬಂದವು. ಅವುಗಳ ಜಾತಿಯಲ್ಲಿ ಹೆಚ್ಚಿನವು ಕಣ್ಣಿಗೇ ಕಾಣುವುದಿಲ್ಲ, ಇವಳು ಸಾಕಿದವು ಮಾತ್ರ ಸಾಸಿವೆ ಕಾಳಿನಷ್ಟು ದೊಡ್ಡವು. ತಲೆಯಿಲ್ಲ, ಹೊಟ್ಟೆಯಿಲ್ಲ, ಇಡೀ ಮೈ ಒಂದೇ ಒಂದು ಜೀವಕೋಶ. ಬೇರೆ ಸಮುದ್ರಗಳಲ್ಲಿ ಇವುಗಳ ನೆಂಟರು ಸುಣ್ಣದ ಚಿಪ್ಪು ಮಾಡಿಕೊಳ್ಳುತ್ತವಂತೆ. ಅಲ್ಲಿಯ ಆಳದ ತಣ್ಣೀರಿನಲ್ಲಿ ಸುಣ್ಣ ಕರಗಿಹೋಗುತ್ತದೆ. ಅದಕ್ಕೆ ಇವು ನೂಲಿನಂಥ ಕಾಲು ಚಾಚಿ, ಒಂದೊಂದೇ ಮರಳ ಕಣ ಆರಿಸಿ ತಂದು, ತಾವೇ ಮಾಡಿದ ಅಂಟಿನಿಂದ ಜೋಡಿಸಿ ಸುತ್ತಲೂ ಗೋಡೆ ಕಟ್ಟಿಕೊಂಡು ಒಳಗೆ ಕೂರುತ್ತವೆ. ಬೇಸಿಗೆಯಲ್ಲಿ ಮೇಲಿನ ಮಂಜುಗಡ್ಡೆ ಒಡೆದು, ಪಾಚಿ ಬೆಳೆದು ತಳಕ್ಕೆ ಉದುರಿದಾಗ ಊಟ. ಉಳಿದ ತಿಂಗಳೆಲ್ಲ ಕತ್ತಲಲ್ಲಿ ಸುಮ್ಮನೆ ಕಾಯುವುದು. ಇಂಥ ಗಿರಾಕಿಗಳೇ ಬಂದರೆ ಡೊಂಬಿವಲಿಯ ನಮ್ಮ ಹೋಟೆಲಿಗೆ ಬೀಗ ಹಾಕಬೇಕಾಗುತ್ತಿತ್ತು ಎಂದು ನಾನು ಹೇಳಿದಾಗ ನಿನ್ನ ಮೊಮ್ಮಗಳು ನಗಲಿಲ್ಲ. ಅವಳ ಎರಡು ವರ್ಷದ ಕೆಲಸವೂ, ಈ ಸಲ ದಕ್ಷಿಣಕ್ಕೆ ಹೋಗುವ ಹಡಗಿನಲ್ಲಿ ಸಿಗಬಹುದಾಗಿದ್ದ ಒಂದು ಜಾಗವೂ ಆ ಕಾಳುಗಳ ಮೇಲೆಯೇ ನಿಂತಿದ್ದವು.

ಅಕ್ಟೋಬರಿನ ಆ ಸೆಕೆಯಲ್ಲಿ ಲ್ಯಾಬಿನ ತಂಪುಕೋಣೆಯ ಯಂತ್ರ ಕೈಕೊಟ್ಟಿತು. ರಿಪೇರಿಯವನು ದೀಪಾವಳಿ ರಜೆ ಮುಗಿಸಿಯೇ ಬರುತ್ತೇನೆಂದ. ಇವಳು ಗಾಜಿನ ತಟ್ಟೆಗಳನ್ನೆಲ್ಲ ಥರ್ಮೊಕೋಲ್ ಡಬ್ಬದಲ್ಲಿ ಬರ್ಫದ ನಡುವೆ ಇಟ್ಟು, ಆಫೀಸು ಬಿಡುವ ಹೊತ್ತಿನಲ್ಲಿ ಕೋಪರಖೈರಣೆಯಿಂದ ಠಾಣೆಗೆ, ಅಲ್ಲಿಂದ ಠಾಕುರ್ಲಿಗೆ ಲೋಕಲ್ ರೈಲಿನಲ್ಲಿ ತಂದಳು. ಆ ಗರ್ದಿಯಲ್ಲಿ ಮನುಷ್ಯರ ಎಲುಬೇ ಉಳಿಯುವುದಿಲ್ಲ, ಮರಳಿನ ಮನೆ ಉಳಿದೀತೇ? ನಾನು ಹೋಟೆಲಿನಿಂದ ತಂದಿಟ್ಟಿದ್ದ ಕೋಲ್ಡ್‌ಡ್ರಿಂಕ್ ಫ್ರಿಜ್ಜಿನಲ್ಲಿ ಅವನ್ನು ಇಟ್ಟು ನೋಡಿದರೆ ಗೋಡೆಗಳೆಲ್ಲ ಉದುರಿ, ಬೆಂದ ಸಬ್ಬಕ್ಕಿ ಕಾಳಿನಂತೆ ಬೆತ್ತಲೆ ಬಿದ್ದಿದ್ದವು. ಅವಳ ಗೈಡು ನೇತ್ರಾ ಮೇಡಂ ಧಾರವಾಡದ ಕಡೆಯವರು, ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಫೋಟೋ ನೋಡಿ ಫೋನಿನಲ್ಲೇ ಹೇಳಿಬಿಟ್ಟರು, "ಸತ್ತಾವ ಬಿಡವ್ವಾ ಅವು. ಹಬ್ಬ ಮುಗಿಯೂತನಕ ಇಡು, ಆಮ್ಯಾಲೆ ಚೆಲ್ಲೂಣು." ಈ ಮಾತು ಬಂದದ್ದು ನೀನು ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕಿಂತ ಮೊದಲು, ಇದನ್ನು ಎರಡು ಸಲ ಓದು.

ಮರುದಿನ ಬೆಳಿಗ್ಗೆ ನೀನು ಮಾಡಿದ ಕೆಲಸವನ್ನು ಈ ಭೂಮಿಯ ಮೇಲೆ ಇನ್ಯಾರೂ ಮಾಡಿರಲಾರರು. ಹೊಸ್ತಿಲಿಗೆ ರಂಗೋಲಿ ಹಾಕಿದವಳು ಅದೇ ಡಬ್ಬಿ ಹಿಡಿದುಕೊಂಡು ಫ್ರಿಜ್ಜಿನೊಳಗೂ, ತಟ್ಟೆಗಳ ಮುಂದೆ ಒಂದು ಸಣ್ಣ ಪದ್ಮ ಬರೆದೆ. ಹೊಸ ಮಿಕ್ಸರು ಬಂದರೂ ಗೆರೆ, ಬಾಣಂತಿ ಬಂದರೂ ಗೆರೆ, ಇವಕ್ಕೂ ಗೆರೆ. "ಜೀವ ಅಲ್ವಾ ಮಗಾ ಅದು? ಅಷ್ಟು ದೂರದಿಂದ ಬಂದದ್ದು, ಒಂದು ಗೆರೆ ಎಳೆಯದೆ ಒಳಗೆ ಕರೆಯುವುದಾ?" ಎಂದು ನೀನು ನನ್ನನ್ನೇ ಕೇಳಿದೆ. ಎಳೆಯುವಾಗ ತಟ್ಟೆಗಳ ಮುಚ್ಚಳ ಸರಿದು, ಪುಡಿ ಎರಡು ಮೂರು ತಟ್ಟೆಗಳೊಳಗೆ ಉದುರಿತು. ನಿಶ್ಮಿತಾ ನೋಡಿ "ಅಜ್ಜಿ, ಯೇ ಕ್ಯಾ ಕಿಯಾ?" ಎಂದು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಆ ಅಳು ನಿನ್ನ ಮೇಲಿನ ಸಿಟ್ಟಿನದಲ್ಲ ಅಮ್ಮಾ, ಹಿಂದಿನ ದಿನದಿಂದ ತಡೆದುಕೊಂಡದ್ದು. ನೀನು ಮಾತ್ರ "ಇನ್ನು ಈ ಕೈಯಲ್ಲಿ ಗೆರೆ ಎಳೆಯುವುದಿಲ್ಲ" ಎಂದು ಡಬ್ಬಿಯನ್ನು ದೇವರ ಕಪಾಟಿನ ಹಿಂದೆ ತಳ್ಳಿ, ಸಂಜೆಯ ರೈಲು ಹತ್ತಿದೆ. ಬೆತ್ತಲೆ ಬಿದ್ದ ಜೀವಕ್ಕೆ ನೋವಾದೀತೆಂದು ಇವಳು ಆ ಪುಡಿಯನ್ನು ತೆಗೆಯಲು ಹೋಗದೆ ಹಾಗೆಯೇ ಬಿಟ್ಟಳು.

ದೀಪಾವಳಿಗೆ ಇಡೀ ಬಿಲ್ಡಿಂಗಿನಲ್ಲಿ ನಮ್ಮದೊಂದೇ ಬಾಗಿಲು ಬೋಳು. ಪಕ್ಕದ ಮನೆಯ ಮರಾಠಿ ಕಾಕು ಚಕ್ಕುಲಿ ಕೊಡಲು ಬಂದವರು ಹೊಸ್ತಿಲು ನೋಡಿ "ಆಜಿ ಕುಠೆ ಗೇಲ್ಯಾ?" ಎಂದು ಕೇಳಿದರು. ಅಜ್ಜಿ ಮಗಳ ಮನೆಗೆ ಹೋಗಿದ್ದಾರೆ ಎಂದಳು ನಿನ್ನ ಸೊಸೆ. ತಾನೇ ಹಾಕೋಣವೆಂದು ಅವಳು ಕೂತಳು, ಚುಕ್ಕಿ ಇಟ್ಟು ಮುಗಿಸುವ ಮೊದಲೇ ಎದ್ದಳು. ನೀನಿಲ್ಲದೆ ನಮಗೆಲ್ಲ ಬಹಳ ಬೇಸರವಾಯಿತು. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಇನ್ನು ಶುಕ್ರವಾರದ ಸಂಗತಿ ಕೇಳು. ತಂಪುಕೋಣೆ ರಿಪೇರಿಯಾಯಿತು, ಚೆಲ್ಲುವುದಿದ್ದರೂ ಲ್ಯಾಬಿನಲ್ಲೇ ಚೆಲ್ಲಬೇಕೆಂದು ಮೇಡಂ ತಟ್ಟೆಗಳನ್ನು ತರಿಸಿದರು. ಈ ಸಲ ಲೋಕಲ್ ಬೇಡವೆಂದು ನಾನು ಟ್ಯಾಕ್ಸಿ ಮಾಡಿ, ಡಬ್ಬವನ್ನು ತೊಡೆಯ ಮೇಲೆ ಹಸುಗೂಸಿನಂತೆ ಹಿಡಿದು ಕೂತೆ. ಅಲ್ಲಿ ಮೇಡಂ ಒಂದೊಂದೇ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾ ಹೋದರು. ಕೆಲವು ನಿಜವಾಗಿಯೂ ಹೋಗಿದ್ದವು, ಸುಳ್ಳು ಹೇಳುವುದಿಲ್ಲ. ಕೆಲವಕ್ಕೆ ಮರಳು ಅಂಟಿತ್ತು, ಆದರೆ ಅದು ಹಳೆಯ ಗೋಡೆಯ ಚೂರೋ ಹೊಸದೋ ಹೇಳುವುದು ಹೇಗೆ, ಎರಡೂ ಧ್ರುವದ ಕಡಲಿನದೇ ಮರಳಲ್ಲವೇ? ನಿಶ್ಮಿತಾ ಕೋಣೆಯ ಗೋಡೆಗೆ ಆತುಕೊಂಡು ಉಗುರು ಕಚ್ಚುತ್ತಿದ್ದಳು. ಆಮೇಲೆ ನಿನ್ನ ಪುಡಿ ಬಿದ್ದ ತಟ್ಟೆ ಬಂತು. ಮೇಡಂ ಕಣ್ಣು ಇಟ್ಟವರು ಎತ್ತಲೇ ಇಲ್ಲ. ಕೂದಲಿನಷ್ಟು ತೆಳು ಕುಂಚ ತೆಗೆದುಕೊಂಡು ಮೆಲ್ಲನೆ ತಳ್ಳಿದರು, ನೀರು ಬಿಟ್ಟು ನೋಡಿದರು. ಕೊನೆಗೆ, "ಈ ಕೆಂಪು ಕಣ ಎಲ್ಲಿಂದ ಬಂತವ್ವಾ? ಗ್ವಾಡಿಯೊಳಗ ಅಂಟಿ ಕುಂತಾವಲ್ಲ" ಎಂದರು. ನಿಶ್ಮಿತಾ ಓಡಿ ಬಂದು ನೋಡಿ, ಹಿಂದಿ ಮರಾಠಿ ಎಲ್ಲ ಮರೆತು, "ಅದು ನಮ್ಮ ಅಜ್ಜಿಯ ಹಂಚು" ಎಂದಳು.

ಹೌದು ಅಮ್ಮಾ, ನಿನ್ನ ಹಂಚು! ಪೇಟೆಯ ಬಣ್ಣದ ಪುಡಿ ಕೈಗೆ ಹತ್ತುತ್ತದೆಂದು ನೀನು ತವರುಮನೆಯ ಒಡೆದ ಮಂಗಳೂರು ಹಂಚನ್ನು ಸೀರೆಯಲ್ಲಿ ಸುತ್ತಿ ತಂದು, ಕೆಳಗಿನ ಮನೆಯವರು ಗೊಣಗಿದರೂ ಕೇಳದೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಇಟ್ಟದ್ದು. ಮೇಡಂ ನನ್ನನ್ನೂ ಕರೆದು ತೋರಿಸಿದರು. ದುಂಡಗೆ ಸಣ್ಣ ಗೋಡೆ, ಮರಳ ಕಣಗಳ ನಡುವೆ ಅಲ್ಲಲ್ಲಿ ಕೆಂಪು ಹಂಚಿನ ಚೂರು, ದೊಡ್ಡವು ಹೊರಗೆ, ಸಣ್ಣವು ಸಂದಿಗೆ. ಕಲಿತ ಗಾರೆಯವನೂ ಅಷ್ಟು ಅಚ್ಚುಕಟ್ಟಾಗಿ ಕೂರಿಸಲಾರ. ಧ್ರುವದ ಕಡಲಿನ ತಳದಲ್ಲಿ ಮಂಗಳೂರು ಹಂಚು ಎಲ್ಲಿಂದ ಬರಬೇಕು? ಆದ್ದರಿಂದ ಈ ಮನೆ ಠಾಕುರ್ಲಿಯಲ್ಲೇ, ನಮ್ಮ ಫ್ರಿಜ್ಜಿನಲ್ಲೇ ಕಟ್ಟಿದ್ದು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಸತ್ತಾವು ಮನಿ ಕಟ್ಟಂಗಿಲ್ಲ" ಎಂದು ಇಷ್ಟೇ ಹೇಳಿದರು. ಬೇಕೆಂದೇ ಹಾಕಿದ್ದರೂ ಇಷ್ಟು ಒಳ್ಳೆಯ ಗುರುತು ಹೊಳೆಯುತ್ತಿರಲಿಲ್ಲವಂತೆ, ಇನ್ನು ಮುಂದೆ ಅಳೆದು ತೂಗಿ ಅದನ್ನೇ ಹಾಕಿ ನೋಡಬೇಕಂತೆ. ನಿಶ್ಮಿತಾ ನಿನ್ನೆ ಒಯ್ದು ಕೊಟ್ಟ ನಿನ್ನ ಪುಡಿಯ ಡಬ್ಬಿ ಈಗ ಅವರ ಕಪಾಟಿನಲ್ಲಿ, ಚೀಟಿ ಅಂಟಿಸಿಕೊಂಡು, ದೊಡ್ಡ ದೊಡ್ಡ ಬಾಟಲಿಗಳ ಪಕ್ಕದಲ್ಲಿ ಗತ್ತಿನಿಂದ ಕೂತಿದೆ. ಚೀಟಿಯ ಮೇಲೆ ಏನು ಬರೆದಿದೆ ಗೊತ್ತೇ? ಸುಂದರಿ ಅಜ್ಜಿ, ಠಾಕುರ್ಲಿ ಎಂದು. ನಾನಂತೂ ಶುಕ್ರವಾರವೇ ಆ ಲ್ಯಾಬಿನಲ್ಲಿ ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ. ಅವತ್ತು ಸಂಜೆ ಹೋಟೆಲಿಗೆ ಬಂದ ಗಿರಾಕಿಗಳಿಗೆಲ್ಲ ಶೀರಾ ಪುಕ್ಕಟೆ. ಏನು ವಿಶೇಷ ಎಂದವರಿಗೆ, ನಮ್ಮ ಮನೆಗೆ ಬಂದ ನೆಂಟರ ಗೃಹಪ್ರವೇಶ ಎಂದೆ.

ಇನ್ನೂ ಒಂದು ಸುದ್ದಿ ಇದೆ, ಅದನ್ನು ನಾನು ಬರೆಯಕೂಡದಂತೆ. ಇವಳು ಆಗಿನಿಂದ ಪೆನ್ನಿಗಾಗಿ ಕೈಯೊಡ್ಡಿ ನಿಂತಿದ್ದಾಳೆ. ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು. ನಿನ್ನ ಪಾದ ಮುಟ್ಟಿದ್ದೇನೆಂದು ತಿಳಿದುಕೊಂಡು, ಬೈಯುವುದಿದ್ದರೆ ಬೈದು, ಆಶೀರ್ವಾದ ಮಾಡು.

ನಿನ್ನ ಮಗ,
ತಾರಾನಾಥ

ತಾ.ಕ.: ಅಜ್ಜಿ, ನಾನು ನಿಶ್ಮಿತಾ. ಸಣ್ಣವಳಿದ್ದಾಗ ನೀನು ರಂಗೋಲಿ ಪುಡಿಯಲ್ಲಿ ಬೆರಳಿಂದ ಬರೆಸಿದ ಕನ್ನಡ ಇದು. ತಪ್ಪಿದ್ದರೆ ಮಾಫ್ ಮಾಡು. ಆ ಹಡಗಿನಲ್ಲಿ ನಾನು ಹೋಗುತ್ತಿದ್ದೇನೆ. ಮೇಡಂ ನಿನ್ನೆ ನನ್ನ ಹೆಸರು ಕೊಟ್ಟರು. ಮುಂದಿನ ತಿಂಗಳು ಹೊರಡಬೇಕು. ನೀನು ಆ ಧ್ರುವದ ನೆಂಟರಿಗೆ ಗೆರೆ ಎಳೆದು ಒಳಗೆ ಕರೆದೆ. ಈಗ ನಾನು ಅವರ ಮನೆಗೆ ಹೋಗುತ್ತಿದ್ದೇನೆ, ಬೋಳು ಹೊಸ್ತಿಲು ದಾಟಿ ಹೇಗೆ ಹೋಗಲಿ? ಮನೆಯಲ್ಲಿ ಪುಡಿ ಇಲ್ಲ, ಎಲ್ಲ ಮೇಡಂ ಹತ್ತಿರ. ಬರುವಾಗ ಒಂದು ಒಡೆದ ಹಂಚು ತಾ. ಬೇಡ, ಎರಡು ತಾ. ಒಂದು ನಮ್ಮ ಬಾಗಿಲಿಗೆ, ಒಂದು ಆ ನೆಂಟರಿಗೆ.