ಕಾಡುಮೇಕೆಯ ಬಾಲದ ಹತ್ತಿರ

ವಾದಿ ರಮ್ ಕಣಿವೆ, ಗುಡಾರದಿಂದ
೧೧ ಮಾರ್ಚ್ ೨೦೦೪, ಗುರುವಾರ ಬೆಳಿಗ್ಗೆ

ನನ್ನ ಮುದ್ದು ಬಾಬಾ,

ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ಒಮಾನಿನ ಆ ಕ್ಯಾಂಪಿನಲ್ಲಿ ಫೋನ್ ಸಿಗುವುದಿಲ್ಲ, ಇರಲಿ, ಅಡುಗೆಯವನು ಉಪ್ಪನ್ನಾದರೂ ಕಡಿಮೆ ಹಾಕುತ್ತಿದ್ದಾನೆಯೇ? ಬಿ.ಪಿ. ಮಾತ್ರೆಯನ್ನು ಕಲ್ಲಿನ ಮಾದರಿಗಳ ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ಮದುವೆಗೆಂದು ನಾಲ್ಕೇ ದಿನ ಬಂದು ಹೋದಿರಿ, ಐದನೆಯ ದಿನದಿಂದ ನಿಮಗೆ ಹೇಳಬೇಕಾದದ್ದೆಲ್ಲ ಗುಡ್ಡೆ ಬಿದ್ದಿದೆ. ನಾನು ಕ್ಷೇಮ. ಮೈಯೇನೋ ಕ್ಷೇಮ.

ಮದುವೆಯಾಗಿ ಹತ್ತೊಂಬತ್ತು ದಿನ. ಅದರಲ್ಲಿ ಹದಿನೇಳು ದಿನ ಇಡೀ ಜೋರ್ಡಾನಿನಲ್ಲಿ ನನ್ನಷ್ಟು ಸುಖವಾಗಿದ್ದ ಹೆಂಗಸು ಇನ್ನೊಬ್ಬಳಿರಲಿಲ್ಲ. ಗೈತ್ ಬೆಳಗಿನ ಕಾಫಿಯನ್ನು ತಾನೇ ಕುದಿಸಿ ತರುತ್ತಿದ್ದ. ನಾನು ಹಾಡಿದರೆ ನಿಂತು ಕೇಳುತ್ತಿದ್ದ (ನನ್ನ ಕಂಠ ನಿಮಗೆ ಗೊತ್ತೇ ಇದೆ). ಆಗ ಪತ್ರ ಬರೆದಿದ್ದರೆ ಓದಲು ನಿಮಗೇ ನಾಚಿಕೆಯಾಗುತ್ತಿತ್ತು. ಈಗ ಎರಡು ದಿನದಿಂದ ಅವನೊಂದಿಗೆ ಮಾತಿಲ್ಲ. ನಾಳೆ ಬಸ್ಸು ಹತ್ತಿ ಒಬ್ಬಳೇ ಅಮ್ಮಾನಿಗೆ, ಅಮ್ಮನ ಹತ್ತಿರ ಹೋಗುವವಳಿದ್ದೇನೆ.

ಹೊಸ ಮದುಮಕ್ಕಳ ಪ್ರವಾಸ ಎಂದರೆ ಇಬ್ಬರೇ ಹೋಗುವುದೆಂದು ನಾನು ತಿಳಿದಿದ್ದೆ. ಈ ಮನೆಯಲ್ಲಿ ಹಾಗಿಲ್ಲ. ಒಂಬತ್ತು ಜನ, ಎರಡು ಜೀಪು, ನಾಲ್ಕು ಹುಕ್ಕಾ ಮತ್ತು ಹಿಕ್ಮತ್ ಚಿಕ್ಕಪ್ಪ. ಇವರು ಗೈತ್‌ನ ಚಿಕ್ಕಪ್ಪ, ಸುಂಕದ ಕಚೇರಿಯಿಂದ ನಿವೃತ್ತರಾದವರು, ಈಗ ಭೂಮಿಯ ಹುಟ್ಟಿನ ಇಲಾಖೆಯನ್ನು ವಹಿಸಿಕೊಂಡಿದ್ದಾರೆ. ಒಂದು ಬಂಡೆ ಅವರಿಗೆ ಒಂಟೆ, ಇನ್ನೊಂದು ರೊಟ್ಟಿ, ಮತ್ತೊಂದು ಸತ್ತುಹೋದ ಅವರ ಅತ್ತೆ. ಇಡೀ ಕಣಿವೆಯನ್ನು ಜ್ವಾಲಾಮುಖಿ ಒಂದೇ ವಾರದಲ್ಲಿ ಕಕ್ಕಿತಂತೆ. ಇದು ಮರಳುಗಲ್ಲು, ಹಿಂದೆ ನದಿಗಳು ಹೊತ್ತು ತಂದ ಮರಳು ಎಂದು ನಾನು ಮರ್ಯಾದೆಯಿಂದಲೇ ಹೇಳಿದೆ. "ನಿಮ್ಮಪ್ಪ ಬಂಡೆ ಓದಿದವನು ಕಣಮ್ಮ, ನಾನು ಬಂಡೆ ನೋಡಿದವನು" ಎಂದರು. ಎಲ್ಲರೂ ನಕ್ಕರು. ನಮ್ಮ ಜೀಪು ಓಡಿಸುವ ಸುವೈಲಿಮ್ ಇದೇ ಮರುಭೂಮಿಯ ಬೆದೂಯಿನ್ ಬುಡಕಟ್ಟಿನವನು, ನಗಲಿಲ್ಲ. ಯಾರು ಏನು ಹೇಳಿದರೂ ಕಲ್ಲು ಸುಮ್ಮನಿರುತ್ತದೆ, ಅದೇ ಅದರ ದೊಡ್ಡತನ ಎಂದ. ಈ ಪ್ರವಾಸದಲ್ಲಿ ನನ್ನ ಕಿವಿಗೆ ಬಿದ್ದ ಬುದ್ಧಿಯ ಮಾತು ಅದೊಂದೇ.

ಕೆಳಗೆ ಗ್ರಾನೈಟ್, ಮೇಲೆ ಮರಳುಗಲ್ಲು, ನಡುವೆ ಎಷ್ಟೋ ಕೋಟಿ ವರ್ಷಗಳ ಪುಟಗಳು ಹರಿದುಹೋಗಿವೆ ಎಂದು ನೀವು ನನ್ನ ಅಂಗೈಯನ್ನು ಇಲ್ಲಿಯ ಬಂಡೆಗೆ ಒತ್ತಿ ತೋರಿಸಿದ್ದ ಗೆರೆ ನೆನಪಿದೆಯೇ? ಆಗ ನನಗೆ ಎಂಟು ವರ್ಷ. ಅದೇ ಗೆರೆಯ ಮೇಲೆ ಗೈತ್‌ನ ಅಂಗೈಯನ್ನು ಒತ್ತಿಸಿ ತೋರಿಸಿದೆ. ಅವನ ಕಣ್ಣು ಅರಳಿತು ಬಾಬಾ, ನಿಜವಾಗಿ ಅರಳಿತು. ಅಷ್ಟರಲ್ಲಿ ಚಿಕ್ಕಪ್ಪ ಬಂದು ಆ ಗೆರೆಗುಂಟ ಕಟ್ಟೆಯಂತೆ ಚಾಚಿದ ಕಲ್ಲಿನ ಮೇಲೆ ಚಹಾದ ಕೆಟಲ್ ಇಟ್ಟರು.

ಇದನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಮಂಗಳವಾರ ಸಂಜೆ, ಕಣಿವೆಯ ಕೊನೆಯ ಸೀಳಿನ ಬಳಿ ಇರುವ ದೊಡ್ಡ ಕಪ್ಪು ಬಂಡೆಗೆ ಹೋದೆವು. ನನಗೆ ಇಲ್ಲಿಯ ಎಲ್ಲ ಬಂಡೆಗಳನ್ನೂ ತೋರಿಸಿದ ನೀವು ಅದೊಂದನ್ನು ಮಾತ್ರ "ಅಲ್ಲೇನೂ ಇಲ್ಲ, ನಡಿ" ಎಂದು ದಾಟಿಸಿದ್ದಿರಿ. ಇದೆ ಬಾಬಾ. ಸಾವಿರಾರು ವರ್ಷ ಹಿಂದೆ ಯಾರೋ ಕೊರೆದ ಕಾಡುಮೇಕೆ ಇದೆ, ಕೊಂಬು ಬೆನ್ನಿನವರೆಗೆ ಬಾಗಿದೆ. ನಾನು ಕಣ್ಣು ತುಂಬಿ ನೋಡುತ್ತಿದ್ದರೆ ಪಕ್ಕದಲ್ಲಿ ಕರಕರ ಸದ್ದು. ತಿರುಗಿದರೆ ನನ್ನ ಗಂಡ, ಇಂಜಿನಿಯರ್, ಕಾರಿನ ಕೀಲಿಯಿಂದ ಮೇಕೆಯ ಬಾಲದ ಹತ್ತಿರ "ಗೈತ್, ರುಬಾ" ಎಂದು ಗೀಚಿ, ಸುತ್ತಲೂ ಬದನೆಕಾಯಿಯಂಥ ಹೃದಯ ಬರೆಯುತ್ತಿದ್ದ. ಬಂಡೆಯ ಮೈಮೇಲಿನ ಆ ಕಪ್ಪು ಮೆರುಗು ಕೂಡಲು, ಗೀಚು ಮತ್ತೆ ಮುಚ್ಚಲು ಎಷ್ಟು ಸಾವಿರ ವರ್ಷ ಬೇಕೆಂದು ಹಿಂದಿನ ದಿನವಷ್ಟೇ ಹೇಳಿದ್ದೆ. "ಹಾಗಿದ್ರೆ ನಮ್ಮ ಹೆಸರೂ ಅಷ್ಟು ವರ್ಷ ಇರುತ್ತಲ್ಲ" ಎಂದ, ಬಹುಮಾನ ಗೆದ್ದವನ ಮುಖ ಮಾಡಿಕೊಂಡು.

ಬಂಡೆಯ ಮೇಲೆ ಹೆಸರು ಗೀಚುವವನ ಜೊತೆ ಒಂದೇ ತಟ್ಟೆಗೆ ಕೈ ಹಾಕಬೇಡ ಎಂದು ನೀವೇ ಹೇಳಿದ್ದಿರಿ. ನಾನು ಹಾಕಿಲ್ಲ. ಆ ರಾತ್ರಿ ಮರಳಿನಡಿ ಹೂತು ಬೇಯಿಸಿದ ಕುರಿ ಬಂತು, ಎಲ್ಲರೂ ದೊಡ್ಡ ತಟ್ಟೆಯ ಸುತ್ತ ಕುಳಿತರು, ನಾನು ರೊಟ್ಟಿಯ ಮೇಲೆ ಒಂದು ಹಿಡಿ ಅನ್ನ ಹಾಕಿಕೊಂಡು ಗುಡಾರದ ಮೂಲೆಗೆ ಹೋದೆ. ಚಿಕ್ಕಪ್ಪನ ಕೈ ತುತ್ತಿನ ನಡುವೆಯೇ ನಿಂತಿತು. ನನ್ನ ಅತ್ತೆ ಹಿಂದೆಯೇ ಬಂದರು. "ಹೆಸರು ಬರೆದಿದ್ದಕ್ಕೆ ಮುನಿಸಾ? ನಮ್ಮವರು ನನ್ನ ಹೆಸರನ್ನ ಒಂದೇ ಒಂದು ಕಡೆ ಬರೆಸಿದ್ದು, ಕುಟುಂಬದ ನೋಂದಣಿ ಪುಸ್ತಕದಲ್ಲಿ. ಅದೂ ತಪ್ಪಾಗಿ" ಎಂದರು. ಮಾವ ಕೆಮ್ಮಿದರು. ನನಗೆ ನಗು ಬಂತು, ತಡೆದುಕೊಂಡೆ. ತಿರಸ್ಕಾರ ಅರ್ಧ ನಗುವಿಗೆಲ್ಲ ಕರಗುವಂಥದ್ದಲ್ಲ. ಅವನು ತಿಳಿಯದವನಾಗಿದ್ದರೆ ಕ್ಷಮಿಸಬಹುದಿತ್ತು. ತಿಳಿದೂ ಗೀಚಿದ. ಅಂಥವನನ್ನು ಬದುಕಿಡೀ ಹೇಗೆ ಗೌರವಿಸಲಿ? ಈಗ ಆ ಬಂಡೆಗೆ ಮತ್ತೆ ಹೋಗಿ ಗೀಚಿನ ಫೋಟೊ ತೆಗೆದುಕೊಳ್ಳುತ್ತೇನೆ. ರೀಲು ತೊಳೆಸಿ ನಿಮಗೆ ಕಳಿಸುತ್ತೇನೆ, ತೀರ್ಪು ನೀವೇ ಕೊಡಿ.

ನಿಮ್ಮ ಕೈಗೆ, ಆ ಹಳೆಯ ಟೋಪಿಗೆ, ನೋಯುವ ಎರಡೂ ಮಂಡಿಗಳಿಗೆ ನನ್ನ ಮುತ್ತು. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ರುಬಾ

ತಾ.ಕ.: ಮಧ್ಯಾಹ್ನ ಮೂರು ಗಂಟೆ. ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಂಚೆಗೆ ಒಯ್ಯಲು ಸುವೈಲಿಮ್ ಹೊರಗೆ ಹಾರನ್ ಒತ್ತುತ್ತಿದ್ದಾನೆ. ಬಂಡೆಗೆ ಹೋದೆವು. ಕ್ಯಾಮೆರಾ ಗೈತ್‌ನ ಹೆಗಲಲ್ಲಿತ್ತು, ಹಾಗಾಗಿ ಅವನೂ ಬಂದ. ನಾನು ಮುಂದೆ ನಡೆದು ಬಿಸಿಲು ಬೀಳದ ಪಕ್ಕಕ್ಕೆ ಸುತ್ತಿದೆ. ಮಂಡಿಯೆತ್ತರದಲ್ಲಿ "ಹೈಫೂ, ೧೯೭೯" ಎಂದು ಗೀಚಿದೆ. ಕೆಳಗೆ ಪುಟ್ಟ ಸುತ್ತಿಗೆ, ನನ್ನ ಪ್ರತಿ ಹುಟ್ಟುಹಬ್ಬದ ಕಾರ್ಡಿನಲ್ಲಿ ನಿಮ್ಮ ಸಹಿಯ ಕೆಳಗಿರುವ ಅದೇ ಸುತ್ತಿಗೆ. ಅಮ್ಮನನ್ನು ಹೈಫೂ ಎಂದು ಕರೆಯುವವರು ಈ ಭೂಮಿಯ ಮೇಲೆ ಒಬ್ಬರೇ. ಇಪ್ಪತ್ತೈದು ವರ್ಷಕ್ಕೆ ಆ ಗೀಚಿಗೆ ತೆಳು ಚಹಾದಷ್ಟು ಬಣ್ಣವೂ ಹತ್ತಿಲ್ಲ ಬಾಬಾ. ಗೈತ್ "ಏನ್ ಸಿಕ್ತು?" ಎನ್ನುತ್ತ ಬರುತ್ತಿದ್ದ. ನಾನು ಅದಕ್ಕೆ ಬೆನ್ನು ಕೊಟ್ಟು ಮರಳಲ್ಲೇ ಕುಳಿತು, ಶಾಲು ಅಗಲ ಮಾಡಿ, ಎರಡು ದಿನದ ಮೇಲೆ ಮೊದಲ ಮಾತು ಆಡಿದೆ: "ಇಲ್ಲೇ ನನ್ನದೊಂದು ಫೋಟೊ ತೆಗಿ." ಅವನು ಒಂದಲ್ಲ, ಮೂರು ತೆಗೆದ. ಊಟ ಒಂದೇ ತಟ್ಟೆಯಲ್ಲಿ ಆಯಿತು, ಒಳ್ಳೆಯ ತುಂಡುಗಳನ್ನೆಲ್ಲ ನನ್ನ ಕಡೆ ತಳ್ಳಿದ. ನಾಳೆ ಬಸ್ಸಿಗೆ ಹೋಗುವುದಿಲ್ಲ. ಯಾರಿಗೂ ಏನೂ ಹೇಳಿಲ್ಲ. ಫೋಟೊದಲ್ಲಿ ನನ್ನ ಬೆನ್ನ ಹಿಂದೆ ಏನಿದೆ ಎಂಬುದು ನಿಮಗೊಬ್ಬರಿಗೇ ಗೊತ್ತಾಗುತ್ತದೆ. ಮಾತ್ರೆ ನುಂಗಿ.