ಅಮ್ಮ ತೊಳೆದ ನಾಲ್ಕು ಹೆಂಚು

ಸಿ.ಎಸ್. ಪುರ
8-10-1998, ಗುರುವಾರ

ಪ್ರೀತಿಯ ಶಶಕ್ಕಾ,

ಹೆಂಗಿದೀಯ? ಹಾಸ್ಟೆಲ್ ಊಟ ಒಗ್ಗದೆ ಹೊಟ್ಟೆನೋವು ಅಂತಿದ್ದೆ, ಕಮ್ಮಿ ಆಯ್ತಾ? ಜೀರಿಗೆ ನೀರು ಕುಡಿ ಅಂತಾಳೆ ಅಮ್ಮ. ಇಲ್ಲಿ ಎಲ್ಲ ಚೆನ್ನಾಗಿದೀವಿ. ನಾನು ಮಾತ್ರ ಉರೀತಾ ಇದೀನಿ. ಅದು ಆಮೇಲೆ.

ಮೊದಲು ಕೆರೆ ವಿಷಯ. ತೂಬಿನ ಹತ್ರ ನೀನು ಹಗ್ಗ ಕಟ್ಟಿ ಇಳಿಬಿಟ್ಟ ನಾಲ್ಕು ಹೆಂಚು ನೋಡಿ ನೋಟ್‌ಬುಕ್ಕಲ್ಲಿ ಬರೆದಿಡೋಕೆ ಮೂರು ತಿಂಗಳಿಂದ ವಾರವಾರ ಮುಳುಗಿ ಮುಳುಗಿ, ಅದೀಗ ಚಟ ಆಗಿದೆ. ನೀರೊಳಗೆ ಕಣ್ಣು ಬಿಟ್ಟರೆ ಬಿಸಿಲು ಹಸಿರಾಗಿ ಸೋರ್ತಾ ಇರ್ತದೆ. ಊರಿನ ಸದ್ದೆಲ್ಲ ಮೇಲೇ ಉಳಿದುಬಿಡ್ತದೆ. ಬರೀ ಮೇಣ ಹಚ್ಚಿದ ಹೆಂಚಿನ ಮೇಲೆ ಪಾಚಿ ಕೂದಲಂಗೆ ಬೆಳೆದು, ನೀರು ಅಲ್ಲಾಡಿದಾಗೆಲ್ಲ ಯಾರೋ ನಿಧಾನಕ್ಕೆ ತಲೆ ಬಾಚ್ತಿದಾರೇನೋ ಅನ್ಸೋದು. ಮೀನುಮರಿಗಳು ಅದರೊಳಗೆ ನಿದ್ದೆ ಹೊಡೆಯೋವು. ಬೇವು, ಹೊಂಗೆ, ಲಕ್ಕಿ ಅಂತ ಒಂದೊಂದಕ್ಕೆ ಒಂದೊಂದು ಸೊಪ್ಪಿನ ರಸ ಮೇಣಕ್ಕೆ ಕಲಸಿ ಬಳಿದ ಮೂರರ ಮೇಲೆ ಪಾಚಿ ಕಮ್ಮಿ ಇತ್ತು. ಅಲ್ಲಿ ಯಾರೂ ನನ್ನ ಎಷ್ಟನೇ ಕ್ಲಾಸಿಗೆ ಬಿಟ್ಟೆ ಅಂತ ಕೇಳಲ್ಲ. ಉಸಿರು ಮುಗಿದಾಗ ಮೇಲೆ ಬರಬೇಕಲ್ಲ, ಅದೊಂದೇ ಬೇಜಾರು.

ಸತ್ಯಮಂಗಲದಲ್ಲಿ ನೀರಿನ ಪೈಪಿನ ಪಾಚಿ ಕೆರೆಯೋ ಕೆಲಸಕ್ಕೆ ಹೋಗಿ, ಅದಕ್ಕೆ ಹಾಕೋ ಔಷಧಿಗೆ ನನ್ನ ಅಂಗೈ ಸುಲಿದು ಬಂದಾಗ ನೀನು ಅತ್ತುಬಿಟ್ಟೆ. 'ಪಾಚಿ ಅಂಟ್ದೇ ಇರೋ ಹಂಗೆ ಸೊಪ್ಪಿನ ರಸದಲ್ಲೇ ಏನಾದ್ರೂ ಮಾಡ್ತೀನಿ ಕಣೋ' ಅಂದೆ. ಅದಕ್ಕೇ ನಿನ್ನ ಕಾಲೇಜಿನ ಪ್ರಾಜೆಕ್ಟು ನಂದೂ ಅಂತ ನಾನು ಮುಳುಗಿದ್ದು.

ಆಯುಧಪೂಜೆ ದಿನ ಗುಬ್ಬಿಯಿಂದ ಬರ್ತೀನಿ, ನಾಲ್ಕೂ ಹೆಂಚು ಜಗಲಿ ಮೇಲೆ! ಬೂದಿ ಹಾಕಿ ಉಜ್ಜಿಸ್ಕೊಂಡು, ಅರಿಶಿನ ಕುಂಕುಮ ಇಟ್ಕೊಂಡು, ಕುಡುಗೋಲಿನ ಪಕ್ಕ ಕೂತವೆ. 'ಏನಮ್ಮಾ ಮಾಡ್ಬುಟ್ಟೆ!' ಅಂತ ಕಿರುಚಿದೆ. 'ಮಗಳ ಓದಿನ ಆಯುಧ ಕಣ್ಲಾ. ಹಬ್ಬದ ದಿನ ಕೊಳಕಾಗಿ ನೇತಾಡ್ತಾ ಇರ್ಲಾ?' ಅಂದ್ಲು. ಆಯಮ್ಮನಿಗೆ ಏನಂತ ಬೈಯಲಿ? ಹದಿನೈದು ದಿನ ಬಿಟ್ಟು ಆ ಪಾಚೀನೇ ಕೆರೆದು ತೂಗಬೇಕಿತ್ತು ಅಂದಾಗ ಮುಖ ಸಣ್ಣದು ಮಾಡ್ಕೊಂಡು ಒಳಗೆ ಹೋದಳು. ಅವತ್ತು ಹೋಳಿಗೆ ಮುಟ್ಟಲಿಲ್ಲ.

ಕೋಪ ಬಂದಿದ್ದು ಅಮ್ಮನ ಮೇಲಲ್ಲ. ನಿನ್ನ ಮೇಲೆ. ಬೂತಿಂದ ಫೋನ್ ಮಾಡಿದರೆ ಏನಂದೆ? 'ಸರ್‌ಗೇನ್ ಗೊತ್ತಾಗುತ್ತೆ, ತೂಕ ಅಂದಾಜಲ್ಲಿ ಬರ್ದು ನೋಟ್‌ಬುಕ್ ಕಳ್ಸು. ಅಮ್ಮನ ವಿಷಯ ಎತ್ತಬೇಡ, ಮಾನ ಹೋಗುತ್ತೆ.' ಥೂ. ನಾನೇ ಮಾಡಿದ ಲೆಕ್ಕಾನ ಕಾಪಿ ಅಂತ ಮೇಷ್ಟ್ರು ಸೊನ್ನೆ ಹಾಕಿದ್ದಕ್ಕೆ ಸ್ಕೂಲು ಬಿಟ್ಟೋನು ನಾನು. ನನ್ನ ಕೈಲಿ ಸುಳ್ಳು ಬರೆಸ್ತೀಯಾ?

ಕೇಳು. ಎರಡು ದಿನ ಆದಮೇಲೆ ಅಮ್ಮ ತಾನಾಗೇ ಅಂದ್ಲು: 'ಮೂರು ಗೀರಿಂದು ಹೆಬ್ಬೆಟ್ಟಲ್ಲಿ ಒತ್ತಿದ್ರೆ ಲೋಳೆ ಜಾರ್ತಿತ್ತು ಕಣ್ಲಾ. ಗೀರಿಲ್ಲದ್ದು ಮಾತ್ರ ಉಜ್ಜಿ ಉಜ್ಜಿ ರಟ್ಟೆ ಬಿದ್ದೋಯ್ತು.' ಮೂರು ಗೀರು ಲಕ್ಕಿ ಸೊಪ್ಪಿಂದು, ಗುರುತಿಗೆ ಅಂತ ನೀನೇ ಗೀಚಿದ್ದು; ಗೀರಿಲ್ಲದ್ದು ಬರೀ ಮೇಣದ್ದು. ಯಾವುದಕ್ಕೆ ಎಷ್ಟು ಗಟ್ಟಿಯಾಗಿ ಅಂಟಿತ್ತು ಅನ್ನೋದು ಆ ಕೈಗೆ ಗೊತ್ತು. ನಿನ್ನ ತಕ್ಕಡಿಗೆ ಅದು ಗೊತ್ತಾಗ್ತಿತ್ತಾ? ಅಂಥ ಕೈನ ಮುಚ್ಚಿಡು ಅಂತೀಯ.

ಅಮ್ಮನ ಆಶೀರ್ವಾದ. ನನ್ನ ಬೈಗುಳ, ಜತೆಗೆ ಒಂದು ಡಬ್ಬಿ ಚಟ್ನಿಪುಡಿ.

ನಿನ್ನ ತಮ್ಮ,
ಕಾಂತೇಶ

ತಾ.ಕ.: ಬಸ್ಸು ಹಾರ್ನ್ ಹೊಡೀತಾ ಇದೆ. ನೋಟ್‌ಬುಕ್ಕು ನಿನಗೆ ಬರಲ್ಲ. ತೂಕದ ಜಾಗ ಖಾಲಿ ಬಿಟ್ಟು, ಅಮ್ಮ ತೊಳೆದಿದ್ದು, ಹೇಳಿದ್ದು ಅಷ್ಟನ್ನೂ ಬರೆದು ಬೆಳಿಗ್ಗೆ ನಿನ್ನ ಸರ್ ಹೆಸರಿಗೇ ರಿಜಿಸ್ಟರ್ ಪೋಸ್ಟ್ ಮಾಡಿದೀನಿ. ಸೋಮವಾರಕ್ಕೆ ಮುಂಚೆ ತಲುಪಲ್ಲ ಅಂದರು. ಈ ಕಾಗದ ಮಾತ್ರ ಕಂಡಕ್ಟರ್ ರಾಮಾಂಜಿನಯ್ಯನ ಕೈಲಿ ಕೊಡ್ತಾ ಇದೀನಿ, ಸಂಜೆಗೆ ನಿನ್ನ ಹಾಸ್ಟೆಲ್‌ಗೆ ಮುಟ್ತದೆ. ನಾಳೆ, ನಾಳಿದ್ದು ಕಾಲೇಜಿದೆ. ಸರ್ ಹತ್ರ ಹೋಗಿ ಹೇಳ್ಬುಡಕ್ಕ. ಮೊದಲು ಹೇಳಿದ್ದು ನೀನೇ ಅಂತಾಗ್ಲಿ.