ಮುಂಬಾಗಿಲ ಅತಿಥಿ

ಜನವರಿ ೯

ಇವತ್ತೂ ಕನ್ನಡಿ ಮುಂದೆ ಅದೇ ನಡಿಗೆ. ಎದೆ ಮುಂದೆ, ಕಣ್ಣು ನೇರ, ಅವಸರವಿಲ್ಲ. ಅಕ್ಕ ಕುಳ್ಳಮ್ಮ ಮುದ್ದೆ ತಿರುವುತ್ತಾ ನಕ್ಕಳು. "ಒಸ್ಲು ದಾಟೋಕೂ ಪ್ರಾಕ್ಟೀಸೇನ್ಲಾ ಮುದ್ದಯ್ಯ? ನಮ್ ಮನೇಲಿ ಒಸ್ಲೇ ಇಲ್ವಲ್ಲಾ."

ಇಷ್ಟು ವರ್ಷ ಬೀದಿ ನಾಟಕ. ತಮಟೆ, ಘೋಷಣೆ, ಲಾಠಿ. ತಲೆ ಬೆಳ್ಳಗಾದ ಮೇಲೆ ಒಂದು ವೆಬ್ ಸೀರೀಸ್. ಪಾತ್ರ — ಅತಿಥಿ. ಹಳೇ ಕಾದಂಬರಿಗಳ ಪತ್ತೇದಾರ ವಾಮನರಾಯನ ಎದುರಾಳಿ. ಹುಣಸೂರು ಬಸ್ ಸ್ಟ್ಯಾಂಡಿನ ಬಾಡಿಗೆ ಪುಸ್ತಕದಂಗಡಿಯಲ್ಲಿ ಎಲ್ಲರೂ ವಾಮನರಾಯನಾಗಲು ಓದಿದರು. ನಾನು ಅತಿಥಿಯಾಗಲು ಓದಿದೆ.

ಅತಿಥಿ ಹೆಂಚು ತೆಗೆದು ಇಳಿಯುವ ಕಳ್ಳನಲ್ಲ. ಹಗಲಲ್ಲಿ ಮುಂಬಾಗಿಲಿಂದ ಬರುತ್ತಾನೆ. ಮನೆಯೊಡೆಯನ ಪಕ್ಕದ ಎಲೆಗೆ ಕೂರುತ್ತಾನೆ. ಮಜ್ಜಿಗೆಯವರೆಗೂ ಉಂಡು, ಕೈ ತೊಳೆದು, ಮನೆಯ ಚಿನ್ನದೊಂದಿಗೆ ಅದೇ ಬಾಗಿಲಿಂದ ಹೊರಡುತ್ತಾನೆ. ಎದುರಿನ ಎಲೆಯಲ್ಲಿ ಕೂತ ವಾಮನರಾಯನಿಗೆ ಎಲ್ಲ ಗೊತ್ತು. ಆದರೂ ಊಟ ಮುಗಿಯುವ ತನಕ ಹಿಡಿಯುವುದಿಲ್ಲ.

ಜಾತಿ ಕೇಳದೆ ಎಲೆ ಹಾಕುವ ಮನೆಗಳು. ಪುಸ್ತಕದಲ್ಲಿ.

ಜನವರಿ ೧೪

ಶೂಟಿಂಗ್ ನಮ್ಮೂರಲ್ಲೇ! ಪಟೇಲರ ತೊಟ್ಟಿ ಮನೆ. ಕೆ.ಆರ್. ನಗರ ತಾಲ್ಲೂಕೆಲ್ಲ ಅಲೆದು ಡೈರೆಕ್ಟರ್ ಶರತ್ ಅದನ್ನೇ ಆರಿಸಿದ್ದಾನೆ. ಕಂಬ, ತೊಟ್ಟಿಯ ಬೆಳಕು, ಹಿತ್ತಾಳೆ ಹೂ ಬಡಿದ ಬಾಗಿಲು...

ಅಪ್ಪ ಜೀವನವಿಡೀ ಆ ಅಂಗಳದಲ್ಲಿ ಕೈ ಕಟ್ಟಿ ನಿಂತ. ಒಳಗೆ ಹೇಗಿದೆ ಎಂದು ಒಮ್ಮೆ ಕೇಳಿದ್ದೆ. "ಕತ್ಲೆ ಕಣ್ಲಾ" ಅಂದ. ನೋಡದೆಯೇ ಸತ್ತ.

ಈಗ ಪಟೇಲರ ಮಗ ಶಿವಶಂಕರ ಯಜಮಾನ. ಕಾಲ ಬದಲಾಗಿದೆ ಎನ್ನುತ್ತಾರೆ. ಹೌದು. ಈಗ ನಮಗೂ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಪೇಪರ್ ಲೋಟದಲ್ಲಿ ಟೀ. ಆದರೆ ಕುರ್ಚಿ ಜಗಲಿ ದಾಟುವುದಿಲ್ಲ.

ನಾನು ದಾಟುತ್ತೇನೆ. ಕ್ಯಾಮೆರಾ ಮುಂದೆ, ಬಿಳಿ ಕೋಟು ಹಾಕಿಕೊಂಡು. ಈ ಸೀನಿಗಾಗಿಯೇ ಒಪ್ಪಿದ್ದು. ಉಳಿದದ್ದೆಲ್ಲ ಅವರಿಗೇ ಇರಲಿ.

ಫೆಬ್ರವರಿ ೨, ಬೆಳಿಗ್ಗೆ

ಜಗಲಿಯಲ್ಲಿ ಕೂತಿದ್ದೇನೆ. ಮೇಕಪ್ ಆಗಿದೆ. ಕೋಟು ಮೈಗೆ ಹೇಳಿ ಹೊಲಿಸಿದಂತಿದೆ. ಬೀದಿಗೆ ಹಗ್ಗ ಕಟ್ಟಿದ್ದಾರೆ, ಕೇರಿಯವರನ್ನು ಹತ್ತಿರ ಬಿಡುತ್ತಿಲ್ಲ. ಒಳಗೆ ಎಲೆ ಹಾಕಿದ್ದಾರೆ. ಸಾರಿನ ಒಗ್ಗರಣೆ ವಾಸನೆ. ವಾಮನರಾಯನ ಪಾತ್ರದ ಮಹೇಂದ್ರ ಆಗಲೇ ಎಲೆ ಮುಂದೆ ಕೂತಿದ್ದಾರೆ. ದೊಡ್ಡ ನಟ, ಒಳ್ಳೆಯವರು. ಬಂದ ಕೂಡಲೇ ನನ್ನನ್ನು ತಬ್ಬಿಕೊಂಡರು. ಫೋಟೋ ತೆಗೆಸಿಕೊಂಡರು.

ಶಿವಶಂಕರ ಶರತ್‌ನನ್ನು ಕರೆದುಕೊಂಡು ಕೊಟ್ಟಿಗೆ ಕಡೆಗೆ ಹೋದ. ಮಾತಾಡುತ್ತಿದ್ದಾರೆ. ಇಬ್ಬರೂ ನನ್ನ ಕಡೆ ನೋಡುತ್ತಿಲ್ಲ.

ಸಂಜೆ

ಡೂಪ್ ಬಂದ. ಲೈಟ್ ಎತ್ತುವವನು, ನನ್ನದೇ ಎತ್ತರ. ಯಾವ ಪೈಕಿ ಎಂದು ವಿಚಾರಿಸಿಯೇ ಶಿವಶಂಕರ ಒಪ್ಪಿದನಂತೆ.

ಮನೆಯವರಿಗೆ ಒಂದು ಸೆಂಟಿಮೆಂಟ್ ಅಂದ ಶರತ್. ದೇವರ ಕೋಣೆ ತೊಟ್ಟಿಗೇ ಅಂಟಿದೆಯಂತೆ. ಬೆನ್ನು, ಕಾಲು, ಕೈ ಡೂಪ್‌ನದು. ನನ್ನ ಮುಖ ಹುಣಸೂರಿನ ಛತ್ರದಲ್ಲಿ ಸೆಟ್ ಹಾಕಿ ತೆಗೆಯುತ್ತಾರಂತೆ. "ಸ್ಕ್ರೀನ್ ಮೇಲೆ ನೀವೇ ಒಳಗೆ ಹೋಗ್ತೀರಾ ಸರ್. ಯಾರಿಗೂ ಗೊತ್ತಾಗಲ್ಲ."

ನನಗೆ?

ಕೇಳಲಿಲ್ಲ. ಊರೂರಿನ ಚೌಕದಲ್ಲಿ ನಿಂತು ಕೂಗಿದ ಗಂಟಲು. ಇಲ್ಲ ಅಂದರೆ ಶೂಟಿಂಗ್ ನಿಲ್ಲುತ್ತೆ, ಇಷ್ಟು ಜನರ ಕೂಲಿ ಹೋಗುತ್ತೆ ಅಂದ ಶರತ್. ಕೋಟು ಬಿಚ್ಚಿ ಕೊಟ್ಟೆ. ನನ್ನ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಡೂಪ್ ತೊಟ್ಟುಕೊಂಡ. ಜಗಲಿಯಲ್ಲಿ ಕೂತು ಮಾನಿಟರ್‌ನಲ್ಲಿ ನನ್ನ ಬೆನ್ನು ಒಳಗೆ ಹೋಗುವುದನ್ನು ನೋಡಿದೆ. ಅವನು ಸಿಕ್ಕಾಪಟ್ಟೆ ಅವಸರದಲ್ಲಿ ದಾಟಿದ. ದಡ್ಡ.

ಮಹೇಂದ್ರ ಕೈ ಒರೆಸುತ್ತಾ ಹೊರಬಂದರು. ಹೆಗಲ ಮೇಲೆ ಕೈ ಹಾಕಿದರು. "ಬೇಜಾರ್ ಮಾಡ್ಕೋಬೇಡಿ ಮುದ್ದಯ್ಯನವರೇ. ಇವರೆಲ್ಲ ಬದಲಾಗೋಕೆ ಟೈಮ್ ಬೇಕು." ಆಮೇಲೆ — "ಬದನೆಕಾಯಿ ಪಲ್ಯ ಮಾತ್ರ ಅದ್ಭುತ."

ಫೆಬ್ರವರಿ ೬

ಹುಣಸೂರು. ಥರ್ಮೋಕೋಲ್ ಕಂಬ. ತಣ್ಣಗಿನ ಅನ್ನ. ಮಹೇಂದ್ರ ಬರಲಿಲ್ಲ. ಅವರು ಕೂರಬೇಕಾದ ಕಡೆ ಒಂದು ಸ್ಟ್ಯಾಂಡು, ಅದಕ್ಕೆ ಕೆಂಪು ಟೇಪು. ಅದನ್ನು ನೋಡಿ ಅತಿಥಿಯ ನಗು ನಗಬೇಕು.

ನಕ್ಕೆ. ಒಂದೇ ಟೇಕಿಗೆ ಓಕೆ. ಚಪ್ಪಾಳೆ ಹೊಡೆದರು.

ಮೇ ೧೮

ಟ್ರೇಲರ್ ಬಂತು. ಕೇರಿಗೆ ಕೇರಿಯೇ ನಮ್ಮ ಮನೆ ಮುಂದೆ. ಒಂದು ಫೋನಿಗೆ ಹತ್ತು ತಲೆ. ಹಿತ್ತಾಳೆ ಹೂವಿನ ಬಾಗಿಲು. ಬಿಳಿ ಕೋಟು. ಹೊಸ್ತಿಲು ದಾಟುವ ಕಾಲು. ನನ್ನ ಮುಖ. ಎಲೆ.

ದಾಸಣ್ಣ — ಅಪ್ಪನ ಜೊತೆ ಅದೇ ಅಂಗಳದಲ್ಲಿ ದುಡಿದ ಮುದುಕ — ಮೆಲ್ಲಗೆ ಬಗ್ಗಿ ನನ್ನ ಬಲಗಾಲು ಮುಟ್ಟಿದ. "ಇದೇ ಕಾಲೇನ್ಲಾ?"

ಅಕ್ಕ ಕೇಳಿದಳು. "ಒಳಗೆ ಎಂಗೈತ್ಲಾ?"

ನಿಜ ಹೇಳಬಹುದಿತ್ತು. "ಕತ್ಲೆ ಇಲ್ಲ ಕಣಕ್ಕ" ಅಂದೆ. "ಬೆಳಕೈತೆ."

ಮೇ ೨೩

ಶಿವಶಂಕರ ಕೇರಿಗೆ ಬಂದ. ಮೊದಲ ಸಲ. ಬೈಕಿನಿಂದ ಇಳಿಯಲಿಲ್ಲ. ಅವನ ಮಗಳು ಸ್ಪಂದನಾಗೆ ಪಿರಿಯಾಪಟ್ಟಣದ ಕಡೆ ಗಂಡು ಗೊತ್ತಾಗಿದೆ. ಅವರು ಟ್ರೇಲರ್ ನೋಡಿದ್ದಾರೆ. ಇಂಥವರನ್ನು ಪಕ್ಕದಲ್ಲಿ ಕೂರಿಸಿ ಉಣ್ಣುವ ಮನೆಗೆ ನಾವು ಬರೋದು ಹೇಗೆ ಅಂದಿದ್ದಾರೆ. ಇವನ ಮಾತು ನಂಬುತ್ತಿಲ್ಲ. ನಾನು ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಬೇಕಂತೆ, ಒಳಗೆ ಹೋಗಿಲ್ಲ ಎಂದು.

"ನಿಂಗೂ ಗೊತ್ತು, ನಂಗೂ ಗೊತ್ತು. ಇರೋ ನಿಜ ಹೇಳೋಕೆ ಏನ್ಲಾ ನಿಂಗೆ?"

ಕೇರಿ ಪೂರ್ತಿ ಕಿವಿಯಾಗಿ ನಿಂತಿತ್ತು. ಅಕ್ಕ ಬಾಗಿಲಲ್ಲಿ. ದಾಸಣ್ಣ ಬೇವಿನ ಮರದ ಬುಡದಲ್ಲಿ.

"ಬಂದಿದ್ದೆ ಕಣ್ರೀ" ಅಂದೆ. "ಉಂಡಿದ್ದೆ. ಬದ್ನೆಕಾಯ್ ಪಲ್ಯ ಚೆನ್ನಾಗಿತ್ತು."

ಅವನ ಮುಖ! ಎಷ್ಟು ವರ್ಷದ ಕನ್ನಡಿ ಅಭ್ಯಾಸಕ್ಕೂ ಸಿಗದ ಮುಖ. ಕದಿಯದೆ ಕದ್ದೆ.

ಮೇ ೨೪

ಕೇರಿಯ ಯಾರಿಗೂ ಕೆಲಸವಿಲ್ಲ. ಹೊಗೆಸೊಪ್ಪಿನ ಹೊಲಕ್ಕೆ ಬೇರೆ ಊರಿಂದ ಆಟೋದಲ್ಲಿ ಹೆಂಗಸರು ಬಂದರು. ಅಕ್ಕನ ಮುದ್ದೆ ಸಣ್ಣದಾಯಿತು.

ಮೇ ೨೭

ದಾಸಣ್ಣನಿಗೆ ಶಿವಶಂಕರನ ಕಡೆಯವರು ಹೊಡೆದರು. ಕಾಲುವೆ ಏರಿ ಮೇಲೆ, ಹಗಲಲ್ಲೇ. ನಮ್ಮೋನು ನಿಮ್ ಮನೇಲಿ ಉಂಡವ್ನೆ ಅಂತ ಟೀ ಅಂಗಡಿಯಲ್ಲಿ ಹೇಳಿದನಂತೆ. ಬಲಗೈ ಮುರಿದಿದ್ದಾರೆ. ನನ್ನ ಕಾಲು ಮುಟ್ಟಿದ ಕೈ.

ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತೆ. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ. "ಅಳಬ್ಯಾಡ ಬುಡ್ಲಾ. ಕೈ ಓದ್ರೆ ಓಯ್ತು. ನೀ ಒಳಕ್ಕೋಗಿದ್ದಲ್ಲ."

ಸುಳ್ಳಿಗೆ ಮೂಳೆ ಕೊಟ್ಟವನಿಗೆ ನಿಜ ಕೊಡಲಾಗಲಿಲ್ಲ.

ಮೇ ೩೧

ಮಹೇಂದ್ರ ವಿಡಿಯೋ ಹಾಕಿದ್ದಾರೆ. ಬೆಂಗಳೂರಿನ ಮನೆ, ಹಿಂದೆ ಬುದ್ಧನ ಬೊಂಬೆ. ಊರಿನ ಸುದ್ದಿ ಕೇಳಿ ಮನಸ್ಸಿಗೆ ನೋವಾಯಿತಂತೆ. ಶಾಂತಿ ಮುಖ್ಯವಂತೆ. ಆಮೇಲೆ ಡೂಪ್, ಛತ್ರ, ಸೆಟ್ಟು, ಎಲ್ಲ ಬಿಡಿಸಿ ಹೇಳಿದರು. ಕೆಂಪು ಟೇಪನ್ನೂ ಬಿಡಲಿಲ್ಲ. "ಪಾಪ, ನಮ್ಮ ಮುದ್ದಯ್ಯನವರು ಆ ಮನೆಯೊಳಗೆ ಕಾಲೇ ಇಟ್ಟಿಲ್ಲ. ದಯವಿಟ್ಟು ಅವರನ್ನು ಬಿಟ್ಟುಬಿಡಿ."

ಕಣ್ಣಲ್ಲಿ ನೀರು. ನಟನೆಯಲ್ಲ, ನಿಜವಾದ ನೀರು. ಒಳ್ಳೆಯವರು ಎಂದು ಮೊದಲೇ ಬರೆದಿದ್ದೇನಲ್ಲ. ಕೊನೇ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿ ಗುಟ್ಟು ಬಿಚ್ಚುತ್ತಾನೆ. ವಾಮನರಾಯ ಗೆದ್ದ. ಪುಸ್ತಕದ ವಾಮನರಾಯ ಊಟ ಮುಗಿಯುವವರೆಗಾದರೂ ಕಾಯುತ್ತಿದ್ದ.

ಜೂನ್ ೨

ಕೇರಿಯವರು ಬಯ್ಯಲಿಲ್ಲ. ಬಯ್ದಿದ್ದರೆ ಆಗುತ್ತಿತ್ತು. ನಾನು ಬಂದರೆ ಮಾತು ನಿಲ್ಲುತ್ತದೆ. ಕೆಲಸಕ್ಕೆ ಮತ್ತೆ ಕರೆದಿದ್ದಾರೆ. ಶಿವಶಂಕರ ನಕ್ಕು ಕೈ ಎತ್ತಿದ — ಮುಗೀತು ಬುಡು ಅನ್ನುವ ಹಾಗೆ.

ದಾಸಣ್ಣ ಪ್ಲಾಸ್ಟರ್ ಕೈ ಎದೆಗಾನಿಸಿಕೊಂಡು ಬಂದು ಕೂತ. ಒಂದೇ ಪ್ರಶ್ನೆ. "ಓಗ್ಲೇ ಇಲ್ವೇನ್ಲಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ತನ್ನ ಕೈ ನೋಡಿಕೊಂಡ. ಎದ್ದು ಹೋದ.

ಜೂನ್ ೯, ಮಧ್ಯಾಹ್ನ

ಸ್ಪಂದನಾ ನಿಶ್ಚಿತಾರ್ಥ. ಪಿರಿಯಾಪಟ್ಟಣದವರು ಬಂದಾಯಿತು. ಇಲ್ಲಿಗೂ ವಾಲಗ ಕೇಳುತ್ತಿದೆ. ಕೇರಿಗೆ ಎಂದು ಪಾತ್ರೆಯಲ್ಲಿ ಪಾಯಸ ಕಳಿಸಿದ್ದಾರೆ. ಬೇವಿನ ಮರದ ಕೆಳಗಿದೆ. ನೊಣ.

ಒಗೆದ ಬಿಳಿ ಅಂಗಿ ಹಾಕಿದ್ದೇನೆ. ಎಲೆ ಹಾಕುವ ಹೊತ್ತು. ಶುಭದ ಮನೆ, ಹಿತ್ತಾಳೆ ಹೂವಿನ ಬಾಗಿಲು ಹಾಕಿರುವುದಿಲ್ಲ. ಎದೆ ಮುಂದೆ, ಕಣ್ಣು ನೇರ, ಅವಸರವಿಲ್ಲ. ಇವತ್ತು ಡೂಪ್ ಇಲ್ಲ. ಯಾರು ಯಾವ ವಿಡಿಯೋ ಹಾಕಿದರೂ ಅಳಿಸಲಾಗುವುದಿಲ್ಲ. ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ದಾಸಣ್ಣನ ಒಂದು ಕೈ ಸಾಲ ನನ್ನ ಮೇಲಿದೆ.

ಅಕ್ಕ ಅಂಗಿ ನೋಡಿದಳು. ತಡೆಯಲಿಲ್ಲ. ಹೊಸ್ತಿಲಿಲ್ಲದ ಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತಿದ್ದಾಳೆ. ಹೊರಗೆ ಯಾರೋ ಕೆಮ್ಮಿದರು. ದಾಸಣ್ಣ. ಅವನೂ ಬಿಳಿ ಅಂಗಿ, ಪ್ಲಾಸ್ಟರ್ ಕೈ ಅಂಗಿಯೊಳಗೆ, ಒಂದು ತೋಳು ಖಾಲಿ ನೇತಾಡುತ್ತಿದೆ. "ನಂಗೂ ಒಂದೆಲೆ ಆಕುಸ್ಲಾ" ಅನ್ನುತ್ತಿದ್ದಾನೆ. ಬೇಡ ಅನ್ನಬೇಕು. ಅವನು ಆಗಲೇ ಬೀದಿಗೆ ಇಳಿದು —